ಗೆಳೆಯನಿಗೊಂದು ಪತ್ರ: ಸಿಗಡಿ ಡಬ್ಬಿ, ಎದುರಿನ ಕುರ್ಚಿ

ಗೆಳೆಯಾ,

ಟ್ಯಾಕೋ ಬೌಲ್ ಹೇಗೆ ಮಾಡ್ತೀಯ ಅಂತ ನೀನು ಕೇಳಿದ್ದು ಒಂದೇ ಸಾಲು. ನಾನು ಉತ್ತರ ಟೈಪ್ ಮಾಡಲು ಕೂತೆ, ಅದು ಮುಗಿಯಲೇ ಇಲ್ಲ. ಫೋನಿನಲ್ಲಿ ಇಷ್ಟುದ್ದ ಕಳಿಸಿದರೆ ನೀನು ಓದಲ್ಲ, ಗೊತ್ತು. ನಾಲ್ಕು ಜನರ ಮುಂದೆ ಬರೆದರೆ ಮಾತ್ರ ಕೊನೆವರೆಗೂ ಓದ್ತೀಯ, ನಿನ್ನ ಬಗ್ಗೆ ಏನಾದರೂ ಹೇಳಿಬಿಟ್ಟಿದ್ದೇನಾ ಅಂತ ನೋಡೋಕೆ. ಹಸಿರು ಮುಚ್ಚಳದ ಕತೆ ಇಲ್ಲಿ ಬರಲ್ಲ, ಧೈರ್ಯವಾಗಿ ಓದು. ಉಳಿದವರೂ ಓದಿ. ವಾರದ ಮಧ್ಯಾಹ್ನದ ಊಟವನ್ನು ಮೊದಲೇ ಮಾಡಿಟ್ಟುಕೊಳ್ಳುವವರಿಗೆ, ಅದರಲ್ಲೂ ಮೀನು, ಸಿಗಡಿ ಇಷ್ಟಪಡುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಈ ರುಚಿ ಎಲ್ಲಿಂದ ಬಂತು ಅಂತ ಹೇಳಿಬಿಡ್ತೀನಿ. ಅದು ಗೊತ್ತಿದ್ದರೆ ಡಬ್ಬಿಗೆ ಏನು ಹಾಕಬೇಕು, ಏನು ಬಿಡಬೇಕು ಅನ್ನೋದು ಅರ್ಧ ತಿಳಿದಂತೆ. ಮೆಕ್ಸಿಕೋದ ವಾಯವ್ಯ ಮೂಲೆಯಲ್ಲಿ ಬಾಹಾ ಕ್ಯಾಲಿಫೋರ್ನಿಯಾ ಇದೆ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಕ್ಯಾಲಿಫೋರ್ನಿಯಾ ಕೊಲ್ಲಿ. ಅಲ್ಲಿನ ಎನ್ಸೆನಾಡಾ ಅನ್ನೋ ಬಂದರು ಊರು ಮೀನಿನ ಟ್ಯಾಕೋಗೆ, ಅಂದ್ರೆ ರೊಟ್ಟಿಯಲ್ಲಿ ಮಡಚಿ ತಿನ್ನುವ ಮೀನಿಗೆ, ಹೆಸರುವಾಸಿ. ಹಿಟ್ಟಿನಲ್ಲಿ ಅದ್ದಿ ಕರಿದ ಬಿಳಿ ಮೀನು, ಮೆಕ್ಕೆಜೋಳದ ಟೋರ್ಟಿಯಾ ಅನ್ನೋ ತೆಳು ರೊಟ್ಟಿ, ಸಣ್ಣಗೆ ಹೆಚ್ಚಿದ ಎಲೆಕೋಸು, ಬಿಳಿ ಸಾಸ್, ಸಾಲ್ಸಾ ಅನ್ನೋ ಖಾರದ ಚಟ್ನಿ, ಮೇಲೆ ನಿಂಬೆ ಹಿಂಡಬೇಕು. ಅಷ್ಟೇ. ಕೊಲ್ಲಿಯ ಕಡೆಗಿರುವ ಸ್ಯಾನ್ ಫೆಲಿಪೆಯವರು ಇದು ನಮ್ಮದು ಅಂತಾರೆ. ಅಲ್ಲಿ ಇದನ್ನು ತಿಂದು ಮನಸೋತ ರಾಲ್ಫ್ ರೂಬಿಯೋ ಅನ್ನೋರು 1983ರಲ್ಲಿ ಗಡಿಯಾಚೆ ಸ್ಯಾನ್ ಡಿಯಾಗೋದಲ್ಲಿ ಅಂಗಡಿ ಹಾಕಿದರು. ಅಮೆರಿಕದಲ್ಲಿ ಮೀನಿನ ಟ್ಯಾಕೋ ಜನಪ್ರಿಯ ಆಗಿದ್ದರಲ್ಲಿ ಅವರ ಪಾಲು ದೊಡ್ಡದು.

ಬೌಲ್ ಅಂದ್ರೆ ಇದರಿಂದ ಟೋರ್ಟಿಯಾ ತೆಗೆದು ಅನ್ನದ ಮೇಲೆ ಜೋಡಿಸೋದು. ಅದು ಟ್ಯಾಕೋನೇ ಅಲ್ಲ ಅನ್ನುವವರ ಜೊತೆ ನಾನು ಜಗಳ ಆಡಲ್ಲ, ಅವರು ಹೇಳೋದು ಸರಿ. ಟೋರ್ಟಿಯಾಗೆ ಬಳಸುವ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಆಮೇಲೆ ಅರೆಯುತ್ತಾರೆ. ಸಾವಿರಾರು ವರ್ಷದ ಪದ್ಧತಿ. ಹಾಗೆ ಮಾಡಿದರೆ ಕಾಳಿನಲ್ಲಿರುವ ನಯಾಸಿನ್ ಅನ್ನೋ ವಿಟಮಿನ್ ಮೈಗೆ ಹತ್ತುತ್ತೆ. ಮೆಕ್ಕೆಜೋಳ ಬೇರೆ ಖಂಡಗಳಿಗೆ ಹೋಯಿತು, ಈ ಪದ್ಧತಿ ಜೊತೆಗೆ ಹೋಗಲಿಲ್ಲ. ಅದನ್ನೇ ಮುಖ್ಯ ಆಹಾರ ಮಾಡಿಕೊಂಡ ಬಡವರಿಗೆ ಪೆಲಾಗ್ರಾ ಅನ್ನೋ ಕಾಯಿಲೆ ಬಂತು. ಇಷ್ಟು ತಿಳಿದ ಮೇಲೆ ಟೋರ್ಟಿಯಾನ ಸುಮ್ನೆ ಒಂದು ಸುತ್ತುವ ಹಾಳೆ ಅಂತ ನೋಡೋಕೆ ಮನಸ್ಸು ಬರಲ್ಲ. ಆದರೆ ಅದು ಡಬ್ಬಿಯಲ್ಲಿ ಮಾರನೇ ದಿನಕ್ಕೆ ಒದ್ದೆಯಾಗಿ ಹರಿದುಹೋಗುತ್ತೆ. ಅದಕ್ಕೇ ಬೌಲ್.

ಈಗ ವಾರದ ಲೆಕ್ಕ. ಇದನ್ನು ಗಮನ ಇಟ್ಟು ಓದು. ಕೋಳಿ, ಬೇಳೆ ಮಾಡಿಟ್ಟ ಹಾಗೆ ಭಾನುವಾರ ಒಮ್ಮೆ ಸಿಗಡಿ ಬೇಯಿಸಿ ಶುಕ್ರವಾರದವರೆಗೂ ಎಳೆಯೋಣ ಅಂತ ಅಂದುಕೊಳ್ಳಬೇಡ. ಬೇಯಿಸಿದ ಮೀನು, ಸಿಗಡಿ ಫ್ರಿಜ್‌ನಲ್ಲಿ 3ರಿಂದ 4 ದಿನ ಇರುತ್ತೆ. ಅದೂ ಫ್ರಿಜ್ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿದ್ದರೆ. ಬೇಯಿಸಿದ ಮೇಲೆ 2 ಗಂಟೆ ಒಳಗೆ ಒಳಗಿಡಬೇಕು, ತುಂಬಾ ಸೆಕೆ ಇದ್ದು 32 ಡಿಗ್ರಿ ದಾಟಿದ್ದರೆ 1 ಗಂಟೆ ಒಳಗೆ. ಹಸಿಯದು ಫ್ರಿಜ್‌ನಲ್ಲಿ 1ರಿಂದ 2 ದಿನಕ್ಕಿಂತ ಜಾಸ್ತಿ ಬೇಡ. ಹಾಗಾಗಿ ನಾನು ಭಾನುವಾರ ಸಂಜೆ ಒಮ್ಮೆ, ಬುಧವಾರ ರಾತ್ರಿ ಒಮ್ಮೆ ಬೇಯಿಸ್ತೀನಿ. ಅನ್ನ, ಕಾಳುಗಳನ್ನೂ ಆಗಲೇ ಹೊಸದಾಗಿ ಮಾಡ್ತೀನಿ. ಎಲೆಕೋಸು, ಈರುಳ್ಳಿ, ಸಾಸ್ ಮಾತ್ರ ವಾರಕ್ಕೆ ಒಂದೇ ಸಲ. ಬುಧವಾರ ಬೇಯಿಸುವ ಸಿಗಡಿ, ಮೀನು ಫ್ರೀಜರ್‌ನಿಂದ ಬರುತ್ತೆ. ಮಂಗಳವಾರ ರಾತ್ರಿ ಅದನ್ನು ಒಂದು ಪಾತ್ರೆಯಲ್ಲಿಟ್ಟು ಫ್ರಿಜ್‌ನ ಕೆಳಗಿನ ಅರೆಗೆ ಇಳಿಸಿಬಿಡು. ಕಟ್ಟೆಯ ಮೇಲೆ ಹಾಗೇ ಕರಗಲು ಬಿಡಬೇಡ.

ಮೂರು ಡಬ್ಬಿಗೆ ಸಿಪ್ಪೆ, ನರ ತೆಗೆದ ಸಿಗಡಿ 400 ಗ್ರಾಂ ಸಾಕು. ಮೊದಲು ಬಟ್ಟೆಯಲ್ಲೋ ಟಿಶ್ಯೂನಲ್ಲೋ ಒತ್ತಿ ನೀರು ಪೂರ್ತಿ ತೆಗಿ. ಈ ಒಂದು ಕೆಲಸ ಮಾಡಿದರೆ ಅರ್ಧ ಗೆದ್ದ ಹಾಗೆ. ನೀರಿದ್ದರೆ ಸಿಗಡಿ ಬಾಣಲೆಯಲ್ಲಿ ಹುರಿಯಲ್ಲ, ಬೇಯುತ್ತೆ. ಒಂದು ಚಮಚ ಜೀರಿಗೆ ಪುಡಿ, ಒಂದು ಚಮಚ ಹೊಗೆ ಹಿಡಿಸಿದ ಪ್ಯಾಪ್ರಿಕಾ (ಖಾರ ಕಡಿಮೆ ಇರುವ ಕೆಂಪು ಮೆಣಸಿನ ಪುಡಿ), ಅರ್ಧ ಚಮಚ ಖಾರದ ಪುಡಿ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಒಂದು ದೊಡ್ಡ ಚಮಚ ಎಣ್ಣೆ. ನಿಂಬೆ ಈಗ ಬೇಡ. ಹುಳಿ ತಾಗಿದ ಕೂಡಲೇ ಮಾಂಸದ ಪ್ರೋಟೀನ್ ಬದಲಾಗೋಕೆ ಶುರುವಾಗುತ್ತೆ. ಸೆವಿಚೆ ಅನ್ನೋ ಹಸಿ ಮೀನಿನ ಅಡುಗೆ ಮಾಡೋದೇ ಹಾಗೆ, ಬೆಂಕಿ ಇಲ್ಲದೆ ಹುಳಿಯಲ್ಲಿ. ನಿಂಬೆಯಲ್ಲಿ ನೆನೆಸಿಟ್ಟ ಸಿಗಡಿಯನ್ನು ಮತ್ತೆ ಹುರಿದರೆ ಹದ ಕೆಡುತ್ತೆ. ನಿಂಬೆ ತಿನ್ನುವ ಹೊತ್ತಿಗೆ.

ಬಾಣಲೆ ಚೆನ್ನಾಗಿ ಕಾಯಲಿ. ಸಿಗಡಿಗಳನ್ನು ಒಂದಕ್ಕೊಂದು ತಾಗದಂತೆ ಹರಡು, ಎಲ್ಲಾ ಒಟ್ಟಿಗೆ ಸುರಿಯಬೇಡ. ಒಂದು ಮಗ್ಗುಲು ಒಂದೂವರೆ ನಿಮಿಷ, ಇನ್ನೊಂದು ಮಗ್ಗುಲು ಒಂದು ನಿಮಿಷ, ದೊಡ್ಡದಿದ್ದರೆ ಸ್ವಲ್ಪ ಜಾಸ್ತಿ. ಬೂದು ಬಣ್ಣ ಹೋಗಿ ಕೆಂಪು ಕೆಂಪಾಗುತ್ತೆ ನೋಡು, ಆ ಬಣ್ಣ ಮೊದಲಿಂದ ಅದರೊಳಗೇ ಇರುತ್ತೆ. ಅಸ್ಟಾಕ್ಸಾಂತಿನ್ ಅಂತ. ಹಸಿ ಇದ್ದಾಗ ಒಂದು ಪ್ರೋಟೀನ್ ಅದನ್ನು ಹಿಡಿದಿಟ್ಟು ಮರೆಮಾಡಿರುತ್ತೆ. ಬಿಸಿಗೆ ಆ ಹಿಡಿತ ಸಡಿಲವಾಗುತ್ತೆ, ಬಣ್ಣ ಹೊರಗೆ ಬರುತ್ತೆ. ಎಷ್ಟು ಸಲ ನೋಡಿದರೂ ನನಗೆ ಖುಷಿ. ಅರ್ಧ ಚಂದ್ರನಂತೆ ಬಾಗಿದರೆ ಹದ. ಸುರುಳಿ ಸುತ್ತಿ ಉಂಗುರ ಆಯ್ತೋ, ರಬ್ಬರ್. ಒಳಗೆ ಪಾರದರ್ಶಕವಾಗಿ ಏನೂ ಉಳಿದಿರಬಾರದು ಅಷ್ಟೇ. ಆದ ಕೂಡಲೇ ಅಗಲವಾದ ತಟ್ಟೆಗೆ ತೆಗಿ. ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೆ ಇನ್ನೂ ಬೇಯುತ್ತಾ ಹೋಗುತ್ತೆ.

ಮೀನಾದರೆ ಕಾಡ್, ತಿಲಾಪಿಯಾ, ಸಾಲ್ಮನ್ ಯಾವುದಾದರೂ ಆಗುತ್ತೆ. ಇವು ಮೂರೂ ಪಾದರಸ ಕಡಿಮೆ ಇರುವ ಮೀನುಗಳು. ಕತ್ತಿ ಮೀನು, ಶಾರ್ಕ್ ತರಹದ ದೊಡ್ಡ ಬೇಟೆ ಮೀನುಗಳನ್ನು ವಾರ ವಾರದ ಡಬ್ಬಿಗೆ ತರಬೇಡ. ಅದೇ ಮಸಾಲೆ ಹಚ್ಚಿ 200 ಡಿಗ್ರಿ ಓವನ್‌ನಲ್ಲಿ 10ರಿಂದ 12 ನಿಮಿಷ ಇಡು. ಮಧ್ಯಭಾಗ 63 ಡಿಗ್ರಿ ಮುಟ್ಟಬೇಕು. ಅಳೆಯೋಕೆ ಏನೂ ಇಲ್ಲದಿದ್ದರೆ ಫೋರ್ಕ್ ಚುಚ್ಚಿ ಸ್ವಲ್ಪ ತಿರುಗಿಸು, ಎಸಳು ಎಸಳಾಗಿ ಬಿಡಿಸಿಕೊಂಡರೆ ಆಯ್ತು.

ಅನ್ನದ ವಿಷಯದಲ್ಲಿ ಜನ ಸಲೀಸಾಗಿರುತ್ತಾರೆ, ಇರಬಾರದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು, ಅವು ಬೇಯಿಸಿದರೂ ಸಾಯಲ್ಲ. ಅನ್ನ ಗಂಟೆಗಟ್ಟಲೆ ಬೆಚ್ಚಗೆ ಕೂತರೆ ಅವು ಮೊಳೆತು ವಿಷ ಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಹಾಗಾಗಿ ಅನ್ನ ಆದ ತಕ್ಷಣ ಅಗಲವಾಗಿ ಹರಡಿ ಆರಿಸು, ಬೇಗ ಫ್ರಿಜ್‌ಗೆ ಹಾಕು. ಕಪ್ಪು ಬೀನ್ಸ್, ಕಾವಲಿಯಲ್ಲಿ ಅಲ್ಲಲ್ಲಿ ಕಪ್ಪಾಗುವಷ್ಟು ಹುರಿದ ಮೆಕ್ಕೆಜೋಳದ ಕಾಳು, ಇವೆರಡೂ ಅನ್ನದ ಪಕ್ಕದಲ್ಲೇ ಇರಲಿ.

ಎಲೆಕೋಸನ್ನು ಮಾತ್ರ ಬದಲಾಯಿಸಬೇಡ ಕಣೋ. ಲೆಟಿಸ್ ಮಾರನೇ ದಿನಕ್ಕೇ ಬಾಡುತ್ತೆ. ಎಲೆಕೋಸು ದಿನಗಟ್ಟಲೆ ಗರಿಗರಿ ಇರುತ್ತೆ, ಉಪ್ಪು ಹಾಕದೆ ಒಣಗಿದ್ದ ಹಾಗೇ ಇಟ್ಟರೆ. ಉಪ್ಪು ಬಿದ್ದರೆ ನೀರು ಬಿಟ್ಟುಕೊಳ್ಳುತ್ತೆ. ಎನ್ಸೆನಾಡಾದವರು ಎಲೆಕೋಸು ಹಾಕೋದನ್ನು ನೋಡಿದಾಗಲೆಲ್ಲ ಈ ಅಡುಗೆ ಡಬ್ಬಿಗೆ ಅಂತಲೇ ಹುಟ್ಟಿತೇನೋ ಅನ್ನಿಸುತ್ತೆ. ಕೆಂಪು ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ವಿನೆಗರ್, ಸ್ವಲ್ಪ ಉಪ್ಪು, ಸ್ವಲ್ಪ ಸಕ್ಕರೆಯಲ್ಲಿ ಹಾಕಿ ಫ್ರಿಜ್‌ನಲ್ಲಿಡು. ಅರ್ಧ ಗಂಟೆಯಲ್ಲಿ ಹುಳಿಗೆ ಬಣ್ಣ ತಿರುಗಿ ಒಳ್ಳೆ ಗುಲಾಬಿ ಆಗುತ್ತೆ. ಅವಕಾಡೊ ಹಿಂದಿನ ದಿನ ಕೊಯ್ಯಬೇಡ, ಗಾಳಿ ತಾಗಿ ಕಂದು ಆಗುತ್ತೆ. ಸಣ್ಣದೊಂದು ಇಡಿಯಾಗಿ ತಗೊಂಡು ಹೋಗಿ ಅಲ್ಲೇ ಕೊಯ್ದುಕೋ. ಕೊತ್ತಂಬರಿ ಸೊಪ್ಪು ನಿನ್ನಿಷ್ಟ. ಕೆಲವರಿಗೆ ಅದು ಸೋಪಿನ ವಾಸನೆ ಹೊಡೆಯುತ್ತೆ, ಅದು ಅವರ ವಾಸನೆಯ ಜೀನ್‌ಗೆ ಸಂಬಂಧಪಟ್ಟದ್ದು, ಹಟ ಅಲ್ಲ.

ಡಬ್ಬಿ ಎರಡು ಇರಲಿ. ಅನ್ನ, ಬೀನ್ಸ್, ಜೋಳ ಒಂದರಲ್ಲಿ. ಎಲೆಕೋಸು, ಈರುಳ್ಳಿ, ಸಾಸ್‌ನ ಪುಟ್ಟ ಬಾಟಲಿ, ನಿಂಬೆ ಹೋಳು ಇನ್ನೊಂದರಲ್ಲಿ. ಸಿಗಡಿ ಅಥವಾ ಮೀನು ಕೂಡ ಈ ಎರಡನೇ ಡಬ್ಬಿಯಲ್ಲೇ, ಒಂದು ಪುಟ್ಟ ಕಟೋರಿಯಲ್ಲಿ. ಮಧ್ಯಾಹ್ನ ಮೊದಲನೆಯದನ್ನು ಮಾತ್ರ ಚೆನ್ನಾಗಿ ಹಬೆಯಾಡುವಷ್ಟು ಬಿಸಿ ಮಾಡು. ಸಿಗಡಿಯನ್ನು ಫ್ರಿಜ್‌ನಿಂದ ತೆಗೆದ ಹಾಗೇ ಮೇಲೆ ಹಾಕಿಕೋ. ಮೈಕ್ರೋವೇವ್‌ನಲ್ಲಿ ಮೀನು ಬಿಸಿ ಮಾಡಿದರೆ ಅದರ ಎಣ್ಣೆ ಹಳಸಲು ವಾಸನೆ ಬಿಡುತ್ತೆ, ಇಡೀ ಕೋಣೆಗೆ ಗೊತ್ತಾಗುತ್ತೆ. ಮೀನಿನ ವಾಸನೆಗೆ ಟ್ರೈಮೀಥೈಲಮೀನ್ ಅನ್ನೋದು ಮುಖ್ಯ ಕಾರಣ. ನಿಂಬೆಯ ಹುಳಿ ಅದನ್ನು ಹಿಡಿದು ಗಾಳಿಗೆ ಏರದ ಹಾಗೆ ಮಾಡುತ್ತೆ. ಮೀನಿಗೆ ನಿಂಬೆ ಹಿಂಡೋದು ಬರೀ ರುಚಿಗಲ್ಲ, ಅಲ್ವಾ.

ಇಲ್ಲಿಗೆ ನಿನ್ನ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಆಯ್ತು. ಆದರೆ ಇನ್ನೊಂದು ವಿಷಯ ಇದೆ, ಕೆಲವು ವಾರದಿಂದ ತಲೆಯಲ್ಲಿ ಕೂತಿದೆ.

ಕೆಲಸದ ಜಾಗದಲ್ಲಿ ಊಟದ ಹೊತ್ತಿಗೆ ನನ್ನ ಎದುರು ಒಬ್ಬ ಹಿರಿಯರು ಕೂರುತ್ತಿದ್ದರು. ನಮ್ಮಿಬ್ಬರದ್ದು ಬೇರೆ ಬೇರೆ ವಿಭಾಗ. ಮಾತು ಕಡಿಮೆ. ಅವರು ಅವರ ಡಬ್ಬಿ ತೆರೆಯುತ್ತಿದ್ದರು, ನಾನು ನನ್ನದು. ಒಂದು ದಿನ ನಾನು ಮುಚ್ಚಳ ತೆಗೆದಾಗ ಅವರು ಸ್ವಲ್ಪ ಹಿಂದೆ ಸರಿದು, "ಅದರಲ್ಲಿ ಸಿಗಡಿ ಇದೆಯಾ?" ಅಂತ ಕೇಳಿದರು. ನಾನು ಖುಷಿಯಿಂದ "ಇದೆ ಸಾರ್, ತಗೊಳ್ತೀರಾ?" ಅಂದೆ. "ನಂಗೆ ಆಗಲ್ಲ, ದಯವಿಟ್ಟು ತಪ್ಪು ತಿಳ್ಕೋಬೇಡಿ" ಅಂತ ಹೇಳಿ ಡಬ್ಬಿ ಎತ್ತಿಕೊಂಡು ಕಿಟಕಿ ಪಕ್ಕದ ಮೇಜಿಗೆ ಹೋದರು. ಆಮೇಲೆ ಅವರೇ ವಿವರಿಸಿದರು. ಸಣ್ಣವರಿದ್ದಾಗ ಒಮ್ಮೆ ತಿಂದು ಗಂಟಲು ಊದಿಕೊಂಡಿತ್ತಂತೆ. ಈಗಲೂ ಜೇಬಿನಲ್ಲಿ ಎಪಿನೆಫ್ರಿನ್ ಇಂಜೆಕ್ಷನ್, ಅಂದ್ರೆ ಅಲರ್ಜಿ ಜೋರಾದರೆ ಕೂಡಲೇ ಚುಚ್ಚಿಕೊಳ್ಳುವ ಔಷಧಿ, ಇಟ್ಟುಕೊಂಡೇ ಓಡಾಡುತ್ತಾರೆ.

ಅವರ ಕಡೆಯಿಂದ ಅದು ಸರಿಯಾದ ಕೆಲಸ. ಸಿಗಡಿ, ಏಡಿ ತರಹದವುಗಳಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನ್ ಟ್ರೋಪೋಮಯೋಸಿನ್. ಬೇಯಿಸಿದರೂ ಅದು ಹಾಳಾಗಲ್ಲ. ಬೇಯಿಸುವಾಗ ಏಳುವ ಆವಿ ಕೂಡ ಕೆಲವರಿಗೆ ಸಾಕಾಗುತ್ತೆ. ಎದ್ದು ಹೋಗಲೇಬೇಕಿತ್ತು, ಹೋದರು. ಇದರಲ್ಲಿ ಬೇಸರ ಮಾಡಿಕೊಳ್ಳೋಕೆ ಏನೂ ಇಲ್ಲ.

ಆದರೂ ಎದುರಿನ ಕುರ್ಚಿ ಖಾಲಿ ಆದಾಗ ನನಗೆ ಊಟ ಸೇರಲಿಲ್ಲ. ಮಾರನೇ ದಿನವೂ ಸೇರಲಿಲ್ಲ. ಅಷ್ಟು ಚೆನ್ನಾಗಿ ಆಗಿದ್ದ ಸಿಗಡಿ. ಅವರ ಜೊತೆ ನಾನು ಮಾತಾಡಿದ್ದೇ ಕಡಿಮೆ, ಅವರ ಮನೆಯಲ್ಲಿ ಯಾರಿದ್ದಾರೆ ಅಂತಲೂ ಗೊತ್ತಿರಲಿಲ್ಲ. ಹಾಗಿದ್ದೂ ಯಾಕೆ ಹೀಗೆ ಅಂತ ಯೋಚಿಸಿದಾಗ ಗೊತ್ತಾಯಿತು, ಇಡೀ ದಿನದಲ್ಲಿ ನಾನು ಇನ್ನೊಬ್ಬರ ಎದುರು ಕೂತು ಉಣ್ಣುತ್ತಿದ್ದದ್ದು ಅದೊಂದೇ ಹೊತ್ತು.

ನಿನಗೆ ನಾನು ಬೇರೆ ಹೇಳಿಕೊಂಡು ಬಂದಿದ್ದೆ. ಒಬ್ಬನೇ ಊಟ ಮಾಡೋದು ಆರಾಮ, ಯಾರಿಗೂ ಕಾಯಬೇಕಿಲ್ಲ, ವಾರದ ಅಡುಗೆ ಒಟ್ಟಿಗೆ ಮಾಡಿದರೆ ಸಮಯ ಉಳಿಯುತ್ತೆ ಅಂತ. ಸಮಯ ಉಳಿಯುತ್ತೆ, ನಿಜ. ಆದರೆ ನಾನು ಶುರು ಮಾಡಿದ್ದು ಅದಕ್ಕಲ್ಲ. ಮನೆಯಲ್ಲಿ ನಾನೊಬ್ಬನೇ ಉಳಿದ ಮೇಲೆ, ಸಂಜೆ ಒಲೆ ಮುಂದೆ ನಿಂತಾಗ "ಇವತ್ತು ಏನು ಅಡುಗೆ?" ಅಂತ ಕೇಳುವವರು ಇರಲಿಲ್ಲ. ಎಷ್ಟು ಸಣ್ಣ ಪ್ರಶ್ನೆ ನೋಡು. ಇದ್ದಾಗ ಕಿರಿಕಿರಿ ಅನ್ನಿಸುತ್ತೆ, ಕೆಲಸದಿಂದ ಸುಸ್ತಾಗಿ ಬಂದಾಗ ಅದಕ್ಕೆ ಉತ್ತರ ಕೊಡೋಕೂ ಮನಸ್ಸಿರಲ್ಲ. ಆ ಪ್ರಶ್ನೆ ಇಲ್ಲದ ಸಂಜೆಗಳನ್ನು ದಿನಾ ಎದುರಿಸೋದು ನನ್ನ ಕೈಲಿ ಆಗಲಿಲ್ಲ ಕಣೋ. ಒಟ್ಟಿಗೆ ಬೇಯಿಸಿ ಡಬ್ಬಿ ತುಂಬಿಬಿಟ್ಟರೆ ವಾರದಲ್ಲಿ ಒಂದೋ ಎರಡೋ ಸಂಜೆ ಮಾತ್ರ ಹಾಗೆ ನಿಲ್ಲಬೇಕು, ಉಳಿದ ದಿನ ಮುಚ್ಚಳ ತೆಗೆದರೆ ಸಾಕು. ತಟ್ಟೆಯನ್ನೂ ಹಾಕಿಕೊಳ್ಳಬೇಕಿಲ್ಲ. ಅಚ್ಚುಕಟ್ಟಾಗಿ ಸಾಲಾಗಿ ನಿಂತ ಡಬ್ಬಿಗಳನ್ನು ನೋಡಿ ಎಲ್ಲರೂ ಎಷ್ಟು ಶಿಸ್ತು ಅಂತಾರೆ.

ಅದಕ್ಕೇ ನೀನು ಆ ಒಂದು ಸಾಲು ಕೇಳಿದಾಗ ನನ್ನ ಉತ್ತರ ಮುಗಿಯಲಿಲ್ಲ. ನಾನು ಏನು ಬೇಯಿಸ್ತೀನಿ, ಹೇಗೆ ಬೇಯಿಸ್ತೀನಿ ಅಂತ ಯಾರೂ ಕೇಳಿ ತುಂಬಾ ದಿನ ಆಗಿತ್ತು.

ಸರಿ, ಇದಿಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಜನ ಬೇರೆ ಓದ್ತಿದ್ದಾರೆ. ಸಾಸ್ ಹೇಳೋದು ಬಿಟ್ಟೇ ಹೋಗಿತ್ತು ನೋಡು, ಅದನ್ನು ಕೇಳಿಸ್ಕೋ. ಅರ್ಧ ಕಪ್ ಗಟ್ಟಿ ಮೊಸರು, ಎರಡು ದೊಡ್ಡ ಚಮಚ ಮೇಯನೇಸ್, ಅರ್ಧ ನಿಂಬೆ ರಸ, ಉಪ್ಪು, ಒಂದು ಚಿಪೋಟ್ಲೆ ಮೆಣಸಿನಕಾಯಿ. ಚಿಪೋಟ್ಲೆ ಅಂದ್ರೆ ಹಣ್ಣಾದ ಹಾಲಪೇನ್ಯೋವನ್ನು ಹೊಗೆಯಲ್ಲಿ ಒಣಗಿಸಿದ್ದು. ಖಾರಕ್ಕಿಂತ ಆ ಹೊಗೆ ವಾಸನೆಗಾಗಿ ಹಾಕೋದು. ಒಣಗಿದ್ದು ಸಿಕ್ಕರೆ ಬಿಸಿ ನೀರಿನಲ್ಲಿ ನೆನೆಸಿ, ಬೀಜ ತೆಗೆದು ಅರೆ. ಎಲ್ಲಾ ಕಲಸಿ ರುಚಿ ನೋಡು. ಮೊದಲ ದಿನಕ್ಕಿಂತ ಎರಡನೇ ದಿನ ಚೆನ್ನಾಗಿರುತ್ತೆ. ನೀನು ಇಡೀ ಬಾಟಲಿ ಭಾನುವಾರವೇ ಮುಗಿಸ್ತೀಯ ಅಂತ ನನಗೆ ಗೊತ್ತು, ಎರಡರಷ್ಟು ಮಾಡ್ಕೋ.

ಹಿರಿಯರ ವಿಷಯ ಅರ್ಧಕ್ಕೆ ಬಿಟ್ಟೆ ಅಲ್ವಾ. ಅವರನ್ನೇ ಹೋಗಿ ಕೇಳಿದೆ, ಮೀನು ಆಗುತ್ತಾ ಅಂತ. ಆಗುತ್ತೆ ಅಂದರು, ಡಾಕ್ಟರ್ ಪರೀಕ್ಷೆ ಮಾಡಿ ಹೇಳಿದ್ದಾರಂತೆ. ಮೀನಿನ ಅಲರ್ಜಿಗೆ ಮುಖ್ಯ ಕಾರಣ ಪಾರ್ವಾಲ್ಬ್ಯುಮಿನ್ ಅನ್ನೋ ಬೇರೆ ಪ್ರೋಟೀನ್. ಯುರೋಪಿಯನ್ ಒಕ್ಕೂಟ ಆಹಾರದ ಲೇಬಲ್ ಮೇಲೆ ಹೇಳಲೇಬೇಕು ಅನ್ನುವ 14 ಅಲರ್ಜಿ ಪದಾರ್ಥಗಳಲ್ಲಿ ಸಿಗಡಿ ಜಾತಿ, ಮೀನು, ಚಿಪ್ಪಿನ ಜಾತಿ ಮೂರನ್ನೂ ಬೇರೆ ಬೇರೆಯಾಗಿ ಬರೆದಿದ್ದಾರೆ. ಹಾಗಂತ ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಆಗುತ್ತೆ ಅಂತಲ್ಲ. ಅವರವರ ಡಾಕ್ಟರ್ ಹೇಳಬೇಕು, ನಾವು ಊಹೆ ಮಾಡಬಾರದು.

ಈಗ ಕೆಲಸದ ದಿನಗಳಿಗೆ ಬರೀ ಮೀನು. ಸಿಗಡಿ ಶನಿವಾರ ಮನೆಯಲ್ಲಿ, ಆಗಲೇ ಮಾಡಿ ಆಗಲೇ ತಿನ್ನೋದು. ಮೀನಿಗೆ ಬೇರೆ ಹಲಗೆ, ಬೇರೆ ಚಾಕು, ಬೇರೆ ಡಬ್ಬಿ ಇಟ್ಟಿದ್ದೇನೆ. ಮೀನಿನ ಪ್ಯಾಕೆಟ್ ಮೇಲೆ ಅದೇ ಜಾಗದಲ್ಲಿ ಸಿಗಡಿಯನ್ನೂ ಸಂಸ್ಕರಿಸುತ್ತಾರೆ ಅಂತ ಬರೆದಿದ್ದರೆ ತರಲ್ಲ. ಇದನ್ನೆಲ್ಲ ಅವರಿಗೆ ಹೇಳಿದೆ, ಒಂದೊಂದೂ ವಿವರವಾಗಿ. ಸ್ವಲ್ಪ ಜಾಸ್ತಿಯೇ ಹೇಳಿದೆ ಅನ್ನಿಸುತ್ತೆ, ಅವರು ನಗುತ್ತಿದ್ದರು. ಮಾರನೇ ದಿನ ವಾಪಸ್ ಬಂದು ಎದುರಿಗೆ ಕೂತರು. ಮೊನ್ನೆ ನಾನು ಮುಚ್ಚಳ ತೆಗೆಯೋ ಮೊದಲೇ "ಇವತ್ತು ಯಾವ ಮೀನು?" ಅಂತ ಕೇಳಿದರು. ಕಾಡ್ ಅಂದೆ. ಕಾಡ್ ಬಗ್ಗೆ ಎಷ್ಟು ಹೊತ್ತು ಮಾತಾಡಿದೆವು ಅಂದ್ರೆ ಅನ್ನ ಆರಿಹೋಗಿತ್ತು.

ನೀನೂ ಡಬ್ಬಿ ತಗೊಂಡು ಹೋಗೋ ಮೊದಲು ಅಕ್ಕಪಕ್ಕ ಕೂರುವವರನ್ನು ಒಂದು ಮಾತು ಕೇಳು. ಮೊದಲ ವಾರ ಮೀನಿನಿಂದಲೇ ಶುರು ಮಾಡು, ಸಿಗಡಿಗಿಂತ ಸುಲಭ. ಭಾನುವಾರ ಎರಡು ಗಂಟೆ ಬಿಡುವು ಇಟ್ಕೋ, ಅಷ್ಟು ಬೇಕಾಗಲ್ಲ, ಆದರೆ ನೀನು ಹೆಚ್ಚೋದು ನನಗೆ ಗೊತ್ತು. ಮಾಡಿದ ಮೇಲೆ ಉಪ್ಪು ಸರಿ ಇತ್ತಾ, ಎಲೆಕೋಸು ಗರಿಗರಿ ಉಳೀತಾ, ಎಲ್ಲಾ ಬರೆದು ಕಳಿಸು. ಒಂದು ಸಾಲಿನಲ್ಲಿ ಬೇಡ.

ಬುಧವಾರ ರಾತ್ರಿ ಮೀನು ಓವನ್‌ಗೆ ಇಟ್ಟು ಫೋನ್ ಮಾಡ್ತೀನಿ. ಹನ್ನೆರಡು ನಿಮಿಷ ಇರುತ್ತೆ. ಎತ್ತು.

ನಿನ್ನವನು